ಹತ್ತಕ್ಕೇ ಮುಚ್ಚುವ ಹೂವು

ಮೂವತ್ತೆಂಟು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಮೂವತ್ತೆಂಟು ಜೇನುನೊಣಗಳೂ ಮುದುಡಿದ ಹೂವಿನ ಮೇಲೆ ಕೂತಿದ್ದವು, ಬಾಗಿಲು ಹಾಕಿದ ಮನೆ ಮುಂದೆ ನೆಂಟರು ಕೂತಂತೆ. ವಿಜ್ಞಾನದ ಮಿಸ್ಸಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ತಪ್ಪು ಮಕ್ಕಳದ್ದಲ್ಲ. ಅವಳ ಪೀರಿಯಡ್ಡು ದಿನದ ಕೊನೆಯದು, ಮಧ್ಯಾಹ್ನ ಎರಡೂವರೆಗೆ. ನೀರಿನ ಟ್ಯಾಂಕಿನ ಹಿಂದೆ ವಾಚ್‌ಮನ್ ಬೆಳೆಸಿದ ಕುಂಬಳದ ಬಳ್ಳಿ ತೋರಿಸಲು ಕರೆದೊಯ್ದರೆ, ಬೆಳಗ್ಗೆ ಅರಳಿದ ಹೂಗಳು ಹತ್ತಕ್ಕೇ ಮುಚ್ಚಿಕೊಂಡಿರುತ್ತಿದ್ದವು. ಎತ್ತು ಏರಿಗೆ, ಕೋಣ ನೀರಿಗೆ. ಕಂಡದ್ದನ್ನೇ ಬರೆಯಿರಿ ಎಂದು ಕಲಿಸಿದವಳು ಅವಳೇ. ಮಕ್ಕಳು ಹೂವನ್ನು ಕಂಡಂತೆ ಬರೆದು, ನೊಣವನ್ನು ಪುಸ್ತಕದಿಂದ ತಂದು ಕೂರಿಸಿದ್ದವು.

ಒಂದು ದಿನದ ಮಟ್ಟಿಗೆ ಮೊದಲ ಪೀರಿಯಡ್ಡು ಬಿಟ್ಟುಕೊಡಲು ಲೆಕ್ಕದ ಮೇಷ್ಟ್ರು ಒಪ್ಪಿದರು. ಹೆಡ್ ಮೇಡಂ ಒಪ್ಪಲಿಲ್ಲ.

“ಟೈಮ್‌ಟೇಬಲ್ಲಿಗೆ ಮೇಲಿನವರ ಸಹಿ ಆಗಿದೆ. ಒಂದು ಹೂವಿಗೋಸ್ಕರ ಬದಲಾಯಿಸೋಕಾಗುತ್ತಾ? ಪುಸ್ತಕದಲ್ಲಿ ಚಿತ್ರ ಇದೆಯಲ್ಲ, ತೋರಿಸಿ.”

“ಚಿತ್ರದಲ್ಲಿರೋ ನೊಣ ಹಾರಲ್ಲ, ಮೇಡಂ.”

“ನಿಮ್ಮ ಕೆಲಸ ಕಾಯಂ ಆಗೋಕೆ ಇನ್ನೆರಡು ತಿಂಗಳಿದೆ. ನೆನಪಿರಲಿ.”

ಮನೆಯಲ್ಲಿ ಅಕ್ಕನೂ ಅದನ್ನೇ ಹೇಳಿದಳು. “ಹೊಳೆ ದಾಟೋ ತನಕ ಅಂಬಿಗನ ಮಾತು ಕೇಳೇ. ಆಮೇಲೆ ಬೇಕಾದ್ರೆ ಆನೆ ತಂದು ತೋರಿಸು. ಐದು ವರ್ಷ ಅಲೆದು ಸಿಕ್ಕ ಕೆಲಸ ಕಣೇ ಇದು.”

ಅಕ್ಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಿಸ್ಸಿಗೆ ಭಯವೂ ಆಯಿತು. ಆದರೆ ಎರಡು ತಿಂಗಳಲ್ಲಿ ಬಳ್ಳಿ ಒಣಗಿರುತ್ತದೆ, ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತವೆ.

ಮರುದಿನ ಎಂಟೂಕಾಲಿಗೆ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಸ್ಟಾಫ್ ರೂಮಿನಲ್ಲೇ ಉಳಿದರು. ಮಿಸ್ಸು ಏಳನೇ ತರಗತಿಯನ್ನು ಸಾಲಾಗಿ ಟ್ಯಾಂಕಿನ ಹಿಂದಕ್ಕೆ ನಡೆಸಿದಳು. ಹೂಗಳು ಅಂಗೈಯಗಲ ಬಿಚ್ಚಿಕೊಂಡಿದ್ದವು. ಮಕ್ಕಳು ಸರದಿಯಲ್ಲಿ ಮೂಗು ತೂರಿಸಿ ನೋಡಿದವು. ಅಷ್ಟರಲ್ಲಿ ಒಂದು ನೊಣ ಗಂಡು ಹೂವಿನೊಳಗೆ ಹೊರಳಾಡಿ, ಮೈತುಂಬ ಹಳದಿ ಪರಾಗ ಬಳಿದುಕೊಂಡು, ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತ ಹೆಣ್ಣು ಹೂವಿಗೆ ನುಗ್ಗಿತು. ಬಾಯಿ ಮುಚ್ಚದ್ದಕ್ಕೆ ‘ರೇಡಿಯೋ’ ಎಂದು ಹೆಸರಾದ ಹುಡುಗಿ ಕೂಡ ಪಿಸುಗುಟ್ಟಿದಳು.

“ಮಿಸ್, ತಾನು ಏನು ಮಾಡ್ತಿದೀನಿ ಅಂತ ಇದಕ್ಕೆ ಗೊತ್ತಾ?”

“ಅದಕ್ಕೆ ಗೊತ್ತಿಲ್ಲ. ಹೊಟ್ಟೆಪಾಡಿಗೆ ಬಂದಿದೆ. ಆದ್ರೆ ಯಾವ ನೊಣಾನೂ ಬರದಿದ್ರೆ ಆ ಕಾಯಿ ನಾಕು ದಿನಕ್ಕೆ ಉದುರಿಹೋಗುತ್ತೆ.”

“ಯಾರ ಅಪ್ಪಣೆ ಮೇಲೆ ಇಲ್ಲಿ ಬಂದ್ರಿ?” ಹಿಂದಿನಿಂದ ಹೆಡ್ ಮೇಡಂ ಕೇಳಿದರು. ಮೂವತ್ತೆಂಟು ಹಳದಿ ಮೂಗುಗಳು ಅತ್ತ ತಿರುಗಿದವು.

“ನನ್ನದೇ, ಮೇಡಂ. ಮೇಷ್ಟ್ರ ತಪ್ಪೇನಿಲ್ಲ.”

ಹನ್ನೊಂದಕ್ಕೆ ಅವಳನ್ನು ಕರೆಸಿ ಮೆಮೊ ಕೊಟ್ಟರು. ಕೆಳಗೆ ಉತ್ತರಕ್ಕೆ ಜಾಗ ಬಿಟ್ಟಿತ್ತು. ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದು ಬರೆದರೆ ಅವಳನ್ನು ಕಾಯಂ ಮಾಡುವ ಫೈಲು ಮೇಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

“ಎರಡು ಸಾಲು ಬರೆದುಬಿಡಿ, ಮುಗೀತು,” ಎಂದರು ಹೆಡ್ ಮೇಡಂ, ಕೊಂಚ ಮೆತ್ತಗಾಗಿಯೇ.

ಮಿಸ್ಸು ಪೆನ್ನಿನ ಮುಚ್ಚಳ ತೆಗೆದಳು. ಎರಡೇ ಸಾಲು ಬರೆದಳು.

‘ಇಂದು ಏಳನೇ ತರಗತಿಗೆ ಪರಾಗಸ್ಪರ್ಶದ ಪಾಠ ಮುಗಿಸಿದ್ದೇನೆ. ನಾಳೆ ಎಂಟೂಕಾಲಿಗೆ ಆರನೇ ತರಗತಿಯನ್ನು ಕರೆದೊಯ್ಯುತ್ತೇನೆ.’

ಕೆಳಗೆ ಪೂರ್ತಿ ಸಹಿ ಹಾಕಿ, ತಾರೀಖು ಬರೆದು, ಹಾಳೆಯನ್ನು ಮೇಡಂ ಕಡೆಗೆ ತಿರುಗಿಸಿಟ್ಟಳು.