ಅಕ್ಕನ ಕೋಡಿನಲ್ಲಿದ್ದ ಆಮೆ

ಅಕ್ಕ, ತಂಗಿ ಇಬ್ಬರೂ ಒಂದೇ ಕಂಪನಿಯಲ್ಲಿ ಪ್ರೋಗ್ರಾಮರ್‌ಗಳು. ಪ್ರಾಣಿವೈದ್ಯರ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅದು. ಪ್ರಾಣಿಗಳ ವಯಸ್ಸು, ಲಸಿಕೆಯ ದಿನ ಲೆಕ್ಕ ಹಾಕಲು ಅಲ್ಲಿ ಒಂದು ಲೈಬ್ರರಿ ಇತ್ತು. ಅಂದರೆ ಯಾವ ಪ್ರೋಗ್ರಾಮ್ ಬೇಕಾದರೂ ಕರೆದು ಕೆಲಸ ಮಾಡಿಸಿಕೊಳ್ಳಬಹುದಾದ ಸಿದ್ಧ ಕೋಡು. ಅದನ್ನು ವರ್ಷಗಳ ಹಿಂದೆ ಬರೆದವಳು ಅಕ್ಕ. ತಂಗಿ ಕೆಲಸಕ್ಕೆ ಸೇರಿದ್ದೇ ತಡ, ಅದನ್ನು ನೋಡಿಕೊಳ್ಳುವ ಹೊಣೆ ಅವಳ ಕೊರಳಿಗೆ ಬಿತ್ತು.

ಚಿಕ್ಕಂದಿನಿಂದ ಅಕ್ಕನ ಹಳೆಯ ಬಟ್ಟೆ, ಹಳೆಯ ಸೈಕಲ್ಲು ಅವಳ ಪಾಲಿಗೆ ಬಂದಿದ್ದವು. ಈಗ ಹಳೆಯ ಕೋಡು.

"ಇದೇನಕ್ಕಾ, ಮಧ್ಯದಲ್ಲಿ 'ಆಮೆಯಾದರೆ ಬಿಟ್ಟುಬಿಡು' ಅಂತ ಬರೆದಿದ್ದೀಯ?"

"ಏನೋ ಕಾರಣ ಇತ್ತು ಕಣೆ. ಈಗ ನೆನಪಿಲ್ಲ. ಅದರ ತಂಟೆಗೆ ಹೋಗಬೇಡ."

"ನಿನಗೇ ನೆನಪಿಲ್ಲದ ಕಾರಣಕ್ಕೆ ನಾನ್ಯಾಕೆ ಕಾವಲು ಕೂರಲಿ? ತೇಪೆ ಹಾಕಿ ಸಾಕಾಯ್ತು. ಹೊಸದೇ ಬರೀತೀನಿ."

"ಬರಿ, ಬರಿ. ಕೈ ಸುಟ್ಟುಕೊಂಡು ಊದು ಅಂತ ನನ್ನ ಹತ್ರ ಬರಬೇಡ."

ತಂಗಿ ಹಟ ಹಿಡಿದು ಬರೆದಳು. ಹೊಸ ಲೈಬ್ರರಿ ತೊಳೆದಿಟ್ಟ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಮ್ಯಾನೇಜರ್ ಹಿಗ್ಗಿ ಹೀರೆಕಾಯಿಯಾದ. ಅಕ್ಕ ಮಾತ್ರ ಕುರ್ಚಿ ತಿರುಗಿಸಿಕೊಂಡು ಕೂತಳು.

ಅದನ್ನು ಕ್ಲಿನಿಕ್‌ಗಳಿಗೆ ಕಳಿಸಿದ ದಿನ ಬೆಳಗ್ಗೆಯೇ ಫೋನು ಹೊಡೆದುಕೊಳ್ಳತೊಡಗಿತು. ಮೊದಲು ಸಿಕ್ಕಿದವನು ಒಬ್ಬ ಮುದುಕ.

"ನಮ್ಮ ಆಮೆ ತೀರಿಕೊಂಡಿದ್ದಕ್ಕೆ ಸಂತಾಪ ಅಂತ ಮೆಸೇಜ್ ಕಳಿಸಿದ್ದೀರಲ್ಲ?"

"ಹೌದಾ ಸರ್? ತುಂಬಾ ಬೇಜಾರಾಯ್ತು," ಎಂದಳು ತಂಗಿ.

"ಬೇಜಾರು ಆಮೇಲೆ ಮಾಡ್ಕೊಳ್ಳಮ್ಮ. ಅದು ನನ್ನ ಎದುರಿಗೇ ಸೊಪ್ಪು ತಿಂತಾ ಇದೆ!"

ಆಗಿದ್ದಿಷ್ಟು: ನಲವತ್ತು ವರ್ಷ ದಾಟಿದ ಪ್ರಾಣಿ ಬದುಕಿರಲಾರದು ಎಂದು ಕ್ಲಿನಿಕ್‌ಗಳ ಪ್ರೋಗ್ರಾಮ್ ತಾನೇ ತೀರ್ಮಾನಿಸಿ ಸಂತಾಪ ಕಳಿಸುತ್ತಿತ್ತು. ಅಕ್ಕನ ಆ ಒಂದು ಸಾಲು ಆಮೆಗಳನ್ನು ಕಾಪಾಡಿಕೊಂಡು ಬಂದಿತ್ತು. ಹುಟ್ಟಿದ ದಿನ ಗೊತ್ತಿಲ್ಲದ ಬೀದಿಬೆಕ್ಕುಗಳಿಗಂತೂ ಹೊಸ ಲೈಬ್ರರಿ ಯಾವುದೋ ಓಬೀರಾಯನ ಕಾಲದ ತಾರೀಕು ಅಂಟಿಸಿ, ಎಲ್ಲವನ್ನೂ ಒಟ್ಟಿಗೆ ಸಾಯಿಸಿತ್ತು.

ತಂಗಿ ಬೆವರು ಒರೆಸಿಕೊಂಡು ಆಮೆಗೊಂದು ಸಾಲು ಸೇರಿಸಿದಳು. ಬೆಕ್ಕಿಗೊಂದು. ಅಷ್ಟರಲ್ಲಿ ಮುದಿ ಗಿಳಿಯೊಂದರ ಯಜಮಾನಿ ಕರೆ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಕೋಡು ಹಳೆಯದರ ತದ್ರೂಪವಾಗುತ್ತ ಬಂದಿತ್ತು. ಅವಳು ಬಿಗುಮಾನ ಬಿಟ್ಟು ಅಕ್ಕನ ಬಳಿ ಹೋದಳು. ಅಕ್ಕ ಗಡಿಬಿಡಿಯಿಂದ ಪರದೆಗೆ ಕೈ ಅಡ್ಡ ಹಿಡಿದಳು.

"ಏನಕ್ಕಾ ಅದು? ಕೈ ತೆಗಿ."

"ಏನಿಲ್ಲ ಕಣೆ... ನಾನೂ ಒಂದು ಹೊಸ ಲೈಬ್ರರಿ ಬರೀತಿದ್ದೆ. ನಿಂದಕ್ಕಿಂತ ಚೆನ್ನಾಗಿರೋದು."

"ಹಳೇದಕ್ಕೇನಾಗಿತ್ತು?"

"ಅದನ್ನ ತೆರೆದು ನೋಡಿದ್ರೆ ನಂಗೇ ತಲೆನೋವು ಬರುತ್ತೆ. ನೀನು ಬೈದಿದ್ದೆಲ್ಲ ನಿಜವೇ. ತಂಗಿ ಎದುರಿಗೆ ಹೇಗೆ ಒಪ್ಪಿಕೊಳ್ಳಲಿ ಹೇಳು?"

ತಂಗಿಯ ಸಿಟ್ಟು ಅರ್ಧಕ್ಕರ್ಧ ಇಳಿಯಿತು. "ಇದರಲ್ಲಿ ಆಮೆ ಎಲ್ಲಿ?"

ಅಕ್ಕ ಪರದೆ ನೋಡಿದಳು, ತಂಗಿಯ ಮುಖ ನೋಡಿದಳು. "ಅಯ್ಯೋ, ಮರೆತೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೇಳಿ ಬಂದ ಮ್ಯಾನೇಜರ್ ವಿಷಯ ತಿಳಿದು ಕುರ್ಚಿ ಹುಡುಕಿ ಕೂತುಕೊಂಡ.

"ಒಂದು ಕೆಲಸಕ್ಕೆ ಮೂರು ಲೈಬ್ರರೀನಾ? ನಾಲ್ಕನೇದನ್ನ ಯಾರಾದ್ರೂ ಬರೆದ್ರೆ ನಾನೇ ಕೆಲಸ ಬಿಡ್ತೀನಿ. ಹಳೇದನ್ನೇ ಸರಿ ಮಾಡಿ. ಇಬ್ಬರೂ ಸೇರಿ!"

ಮೊದಲು ಹಳೆಯದನ್ನು ವಾಪಸ್ ಕ್ಲಿನಿಕ್‌ಗಳಿಗೆ ಕಳಿಸಿ ಬೆಕ್ಕುಗಳನ್ನು ಬದುಕಿಸಿದರು. ಆಮೇಲೆ ಒಂದೇ ಮೇಜಿಗೆ ಕೂತರು. ತಂಗಿ ತನ್ನ ಕೋಡಿನ ಒಳ್ಳೆಯ ಭಾಗಗಳನ್ನು ಒಂದೊಂದಾಗಿ ಹಳೆಯದಕ್ಕೆ ತಂದಳು. ಅಕ್ಕ ಪ್ರತಿಯೊಂದು ವಿಚಿತ್ರ ಸಾಲಿನ ಪಕ್ಕ ಕಾರಣ ಬರೆದಳು. ನೆನಪಾಗದಿದ್ದರೆ ವೈದ್ಯರಿಗೇ ಫೋನು ಮಾಡಿ ಕೇಳಿದಳು. ಕೆಲಸವೇನೋ ಸಲೀಸಾಗಿ ಸಾಗಿತು, ಕೋಡಿನ ಭಾಗಗಳಿಗೆ ಹೆಸರಿಡುವುದರಲ್ಲೇ ರಂಪ. 'ವಯಸ್ಸು' ಅಂದರೆ ಸಾಕು ಎಂದು ಅಕ್ಕ; 'ಅಂದಾಜು ವಯಸ್ಸು' ಎಂದೇ ಆಗಬೇಕೆಂದು ತಂಗಿ. ಅಕ್ಕಪಕ್ಕದವರು ಕಂಪ್ಯೂಟರ್ ಎತ್ತಿಕೊಂಡು ದೂರದ ಮೂಲೆಗೆ ಹೋದರು. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲೂ ವಾದ ಮುಂದುವರಿಯಿತು; ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.