ಮೊದಲ ಹಾಳೆ

ಹಳ್ಳದ ನಡುವೆ ಮುಂದಿದ್ದವನ ಕಾಲು ಜಾರಿ ಶವಪೆಟ್ಟಿಗೆ ಎಡಕ್ಕೆ ವಾಲಿತು. ಸತ್ತವನ ಮಗಳು ಸೊಂಟಮಟ್ಟದ ನೀರು ಸೀಳಿಕೊಂಡು ಬಂದು ಹೆಗಲು ಕೊಟ್ಟಳು. ಸೇತುವೆ ಕೊಚ್ಚಿಹೋಗಿ ಎರಡು ವರ್ಷವಾಗಿತ್ತು. ಸ್ಮಶಾನ, ಶಾಲೆ ಎರಡೂ ಆಚೆ ದಡದಲ್ಲೇ. ಆಕೆ ಆ ಶಾಲೆಯ ಟೀಚರು. ದಿನಾ ಮಕ್ಕಳಿಗೆ ಹಗ್ಗ ಹಿಡಿಸಿ ದಾಟಿಸುತ್ತಿದ್ದಳು. ಹೋದ ತಿಂಗಳು ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಹಗ್ಗ ಕೈಬಿಟ್ಟು, ಜಡೆ ಟೀಚರ ಕೈಗೆ ಸಿಕ್ಕಿದ್ದರಿಂದ ಉಳಿದುಕೊಂಡಿದ್ದಳು.

ದಡ ಸೇರಿದ ಮೇಲೆ ದೊಡ್ಡಪ್ಪ ಏದುಸಿರು ಬಿಡುತ್ತ ಕೂತ. "ಮೂವತ್ತು ವರ್ಷ ಮಂತ್ರಿ ಕಚೇರೀಲಿದ್ನಲ್ಲ ನನ್ನ ತಮ್ಮ. ಒಂದು ಸೇತುವೆ ಹಾಕ್ಸೋಕಾಗ್ಲಿಲ್ಲ."

*

ಅಪ್ಪ ಆ ಕಚೇರಿಯಲ್ಲಿ ಇದ್ದದ್ದೇನೋ ನಿಜ, ಕತ್ತರಿ ಮತ್ತು ಗೋಂದಿನ ಜೊತೆ. ಬೆಳಿಗ್ಗೆ ಆರಕ್ಕೆ ಹೋಗಿ ಹದಿನಾಲ್ಕು ಪತ್ರಿಕೆ ಓದಿ, ಸರ್ಕಾರದ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ, ಹಾಳೆಗಳಿಗೆ ಅಂಟಿಸಿ, ಒಂಬತ್ತಕ್ಕೆ ಮಂತ್ರಿಯ ಮೇಜಿಗೆ ಕಳಿಸಬೇಕು. ಮೊದಲ ಹಾಳೆಯಲ್ಲಿದ್ದ ಸುದ್ದಿಗೆ ಸಂಜೆಯೊಳಗೆ ಆದೇಶ. ಐದನೆಯದಕ್ಕೆ ಬಿದ್ದರೆ ದೇವರೇ ಗತಿ.

ಸೇತುವೆಯ ಸುದ್ದಿ ಬಂದದ್ದು ಒಂದೇ ಸಲ, ಎರಡೇ ಸಾಲು. ಮೊದಲ ಹಾಳೆಗೆ ಹಾಕಪ್ಪಾ ಎಂದು ಮಗಳು ಅಂಗಲಾಚಿದಳು. ಆತ ಹಾಕಿದ. ಮಂತ್ರಿಯ ಆಪ್ತ ಸಹಾಯಕ ಕಿತ್ತು ವಾಪಸು ಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಫೋಟೋ ಇಲ್ದೇ ಇದ್ರೆ ಅವರಿಗೆ ಅದು ಸುದ್ದೀನೇ ಅಲ್ಲಮ್ಮ," ಎಂದು ಹೇಳಿ ಅವತ್ತು ಆತ ಊಟ ಮಾಡದೆ ಮಲಗಿದ್ದ. ಮಗಳು ವಾರಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

*

ಟೀವಿಯವನೊಬ್ಬ ಕ್ಯಾಮೆರಾ ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ ಬಂದ. ಅಪ್ಪನ ಕಚೇರಿಯವರು ಯಾರೋ ಫೋನು ಮಾಡಿದ್ದರಂತೆ, ದಾರಿಯಲ್ಲಿ ತಡವಾಯಿತಂತೆ. ಪೆಟ್ಟಿಗೆ ಆಗಲೇ ದಡದಲ್ಲಿರುವುದನ್ನು ನೋಡಿ ತಲೆ ತಗ್ಗಿಸಿದ.

"ಬರೀ ನೀರು ತೋರಿಸಿದ್ರೆ ನಮ್ಮೋರು ಹಾಕಲ್ಲ ಮೇಡಂ. ಪೆಟ್ಟಿಗೆ ನೀರಲ್ಲಿದ್ದಿದ್ರೆ..."

ದೊಡ್ಡಪ್ಪ ಅವನ ಮೇಲೆ ಹರಿಹಾಯ್ದ. ಸತ್ತವನಿಗೂ ಮರ್ಯಾದೆ ಬೇಡವೇ, ಅವನ ಮನೆಯಲ್ಲಿ ಯಾರೂ ಸತ್ತಿಲ್ಲವೇ ಎಂದು ಕೇಳಿದ. ಮಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

"ಅಪ್ಪನ್ನ ಇನ್ನೊಂದ್ಸಲ ಎತ್ತಿ, ದೊಡ್ಡಪ್ಪ," ಎಂದಳು. "ಸೋಮವಾರ ಮಕ್ಕಳು ಇದೇ ನೀರಲ್ಲಿ ಬರ್ತಾರೆ."

ದೊಡ್ಡಪ್ಪ ಅವಳ ಮುಖ ನೋಡಿದ. ಆಮೇಲೆ ಎದ್ದು ಪೆಟ್ಟಿಗೆಗೆ ಹೆಗಲು ಕೊಟ್ಟ.

ಬಂದ ದಾರಿಯಲ್ಲೇ ನೀರಿಗಿಳಿದು ಎಲ್ಲರೂ ಮನೆಯ ಕಡೆಯ ದಡ ಸೇರಿದರು. ಅಲ್ಲಿ ಪೆಟ್ಟಿಗೆ ಹೊತ್ತೇ ಸ್ಮಶಾನದ ಕಡೆ ತಿರುಗಿ ನಿಂತರು. ಆಚೆ ದಡದಲ್ಲೇ ಉಳಿದಿದ್ದ ಟೀವಿಯವನು ಕ್ಯಾಮೆರಾ ಸರಿಮಾಡಿಕೊಳ್ಳುವ ತನಕ ಕಾದರು. ಬನ್ನಿ ಎಂದು ಅವನು ಕೈ ಎತ್ತಿದ.