ಗುಲಾಬಿಗೆ ಮೊಟ್ಟೆ ನೀರು

ಗಡಿಯಾರ ರಿಪೇರಿಯವನ ಮನೆಯಲ್ಲಿ ಮೊಟ್ಟೆಚಿಪ್ಪು ಕಸದ ಬುಟ್ಟಿಯ ಮುಖ ನೋಡಿದ್ದೇ ಇಲ್ಲ. ತೊಳೆದು, ಬಿಸಿಲಿಗಿಟ್ಟು, ಕುಟ್ಟಿ, ಜರಡಿ ಹಿಡಿದು ಡಬ್ಬಿ ತುಂಬುತ್ತಿದ್ದ. ನುಣ್ಣನೆಯ ಪುಡಿ ಕುಂಡಗಳಿಗೆ, ತರಿ ಪಾತ್ರೆ ಉಜ್ಜಲು, ಇಡೀ ಅರ್ಧಚಿಪ್ಪು ಸಿಕ್ಕಿತೋ, ಅದು ಟೊಮೆಟೊ ಸಸಿಗೆ ತೊಟ್ಟಿಲು. "ಇವರನ್ನ ಕಟ್ಕೊಂಡು ನನ್ನ ಕೈಗೆ ಚಿಪ್ಪು ಬಂತು" ಎಂದು ಹೆಂಡತಿ ಹೇಳಿದರೆ ಅದು ಗೊಣಗಾಟವೇನಲ್ಲ, ಅಕ್ಷರಶಃ ನಿಜ.

ಮಂಡಿನೋವೆಂದು ಅವನ ಅತ್ತೆ ಬಂದು ಉಳಿದಾಗ ಜೊತೆಗೊಂದು ಗುಲಾಬಿ ಕುಂಡವೂ ಬಂತು. ತೀರಿಕೊಂಡ ಮಾವ ಕೈಯಾರೆ ನೆಟ್ಟಿದ್ದ ಗಿಡ. ಬೆಳಿಗ್ಗೆ ಅದರ ಹತ್ತಿರ ನಾಲ್ಕು ಮಾತಾಡಿದ ಮೇಲೆಯೇ ಅತ್ತೆ ಮನೆಯವರ ಹತ್ತಿರ ಬಾಯಿ ಬಿಡುತ್ತಿದ್ದರು. ಮೊಟ್ಟೆ ಬೇಯಿಸುವ ಕೆಲಸ ಅವರೇ ವಹಿಸಿಕೊಂಡರು. ಚಿಪ್ಪಿನ ಸತ್ವವೆಲ್ಲ ಬೆಂದ ನೀರಿಗಿಳಿದಿರುತ್ತದೆಂದು ನಂಬಿದ್ದ ಅಳಿಯ, ಆ ನೀರನ್ನು ಆರಿಸಿ ದಿನವೂ ಗುಲಾಬಿಯೊಂದಕ್ಕೇ ಸುರಿದ. ಅತ್ತೆಯ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳುವ ಆಸೆ ಯಾವ ಅಳಿಯನಿಗಿಲ್ಲ?

ಮೂರೇ ವಾರ. ಎಲೆಯಂಚು ಕಂದಿತು, ಮೊಗ್ಗು ಕತ್ತು ಚೆಲ್ಲಿತು.

"ಎಲ್ಲಾ ನಿಮ್ಮ ಚಿಪ್ಪಿನ ಮಹಿಮೆ ಅಳಿಯಂದ್ರೇ," ಎಂದರು ಅತ್ತೆ. "ಬರೋ ವಾರ ದೊಡ್ಡವಳು ಬರ್ತಾಳೆ. ಗಿಡ ತಗೊಂಡು ಅವಳ ಜೊತೆ ಹೊರಟೆ."

"ಅತ್ತೆ, ಚಿಪ್ಪಿಂದ ಗಿಡ ಸಾಯೋದು ಎಲ್ಲಾದ್ರೂ ಉಂಟಾ?"

"ಇಲ್ಲೇ ಉಂಟಲ್ಲ!"

ಅವನಿಗೆ ಅವಮಾನಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಈ ಗಿಡ ಹೋದರೆ ಅತ್ತೆಯ ಪಾಲಿಗೆ ಮಾವ ಎರಡನೇ ಸಲ ಹೋದಂತೆ. ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಕುಂಡದ ಮುಂದೆ ಕೂತ. ಮಣ್ಣಿನ ಮೇಲೆ ಬಿಳಿ ಹರಳು. ಚಿಪ್ಪು ಹೀಗೆ ಮಿನುಗುವುದಿಲ್ಲ. ನಾಲಿಗೆಗಿಟ್ಟುಕೊಂಡು ಥೂ ಎಂದು ಉಗಿದ.

"ಲೇ, ಮೊಟ್ಟೆ ನೀರಿಗೆ ನಿಮ್ಮಮ್ಮ ಏನು ಹಾಕ್ತಾರೆ?"

"ಉಪ್ಪು ರೀ," ಎಂದಳು ಹೆಂಡತಿ. "ಮೊಟ್ಟೆ ಬಿರುಕು ಬಿಡಬಾರ್ದು ಅಂತ ಒಂದು ಹಿಡಿ. ಅಳಿಯಂದ್ರಿಗೆ ಚಿಪ್ಪು ಒಡೀದೆ ಸಿಗ್ಲಿ ಅಂತ ಇನ್ನೊಂದು ಹಿಡಿ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. "ಅವರು ನೆಟ್ಟ ಗಿಡಕ್ಕೆ ನಾನೇ ಉಪ್ಪು ತಿನ್ನಿಸ್ದೆನಾ?" ಎಂದು ಹೊಸ್ತಿಲ ಮೇಲೆ ಕುಸಿದು ಅತ್ತರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅತ್ತೆಯೆದುರು ಮೊದಲ ಸಲ ವಾದ ಗೆದ್ದಿದ್ದ ಅವನಿಗೆ ಆ ಗೆಲುವು ಬೇಡವೇ ಬೇಡವಾಯಿತು.

"ಉಪ್ಪು ನಿಮ್ದು, ಸುರಿದ ಕೈ ನಂದು. ಅಳಬೇಡಿ ಅತ್ತೆ. ಉಪ್ಪು ತಿಂದವ್ರು ನೀರು ಕುಡೀಲೇಬೇಕು, ಕುಡಿಸೋಣ ಏಳಿ."

ಬಕೆಟ್ಟುಗಟ್ಟಲೆ ಸಿಹಿನೀರು ಸುರಿದರು. ಕುಂಡದ ತೂತಿನಿಂದ ಇಳಿದ ನೀರನ್ನು ಅವನು ಬೆರಳಲ್ಲದ್ದಿ ನೆಕ್ಕಿ ನೋಡುವುದು, ಅತ್ತೆ ಉಸಿರು ಬಿಗಿಹಿಡಿದು "ಇನ್ನೂ ಇದೆಯಾ?" ಎನ್ನುವುದು. ನಾಲ್ಕನೇ ದಿನ ಅವನು "ಸಪ್ಪೆ" ಎಂದ. ಆ ಮನೆಯಲ್ಲಿ ಸಪ್ಪೆ ಎಂದಿದ್ದಕ್ಕೆ ಯಾರಾದರೂ ಖುಷಿಪಟ್ಟಿದ್ದು ಅದೇ ಮೊದಲು.

ದೊಡ್ಡ ಮಗಳು ಬರುವ ಹೊತ್ತಿಗೆ ಬುಡದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು ಇಣುಕಿತ್ತು.

"ಹೊರಡೋಣ್ವಾ ಅಮ್ಮ?"

ಅತ್ತೆ ಕುಂಡವನ್ನು ತಮ್ಮತ್ತ ಎಳೆದುಕೊಂಡರು. "ನಾನೆಲ್ಲೂ ಬರಲ್ಲ ಕಣೇ. ನಿನ್ನ ಗಂಡ ಮಣ್ಣು ನೆಕ್ತಾರಾ?"